ಅವನು ಅಂದಿದ್ದು ‘ನೇ’

“ನೇ!”

ಮುದುಕ ಲಿಗೋರಿ ಹಾಗೆ ಅಂದಿದ್ದೇ ತಡ, ಸರ್ರನೆ ಒಂದು ಕತ್ತಿ ಒರೆಯಿಂದ ಹೊರಬಂತು.

ಪ್ಲಾತಾನ ಊರಿನ ದೊಡ್ಡ ಮರದ ಕೆಳಗೆ ಸೇರಿದ್ದ ಜನ ಹೌಹಾರಿ ಹಿಂದೆ ಸರಿದರು. ಹೊಸ ಧಣಿ ಗೋಶೆ ಕುದುರೆಯ ಮೇಲೆಯೇ ಕಲ್ಲಾಗಿಹೋದ.

ಚಿಕ್ಕಪ್ಪ ಸತ್ತ, ಅವನಿಗೆ ಮಕ್ಕಳಿಲ್ಲ, ಗ್ರೀಕರ ಮೊರಿಯಾ ಸೀಮೆಯ ಆ ಕೋಟೆ, ಆ ಕಣಿವೆ, ಅಲ್ಲಿನ ಜನ ಎಲ್ಲ ಇನ್ನು ನಿನ್ನದೇ ಅಂತ ಮನೆಯವರು ಹೇಳಿದ್ದಕ್ಕೆ ಸಮುದ್ರದಾಚೆ, ಫ್ರಾಂಕರ ನಾಡಿನ ಶಾಂಪೇನ್ ಸೀಮೆಯಿಂದ ಹಡಗು ಹತ್ತಿ ಬಂದವನು ಅವನು. ದಾರಿಯಲ್ಲಿ ಒಂದೇ ಒಂದು ಗ್ರೀಕ್ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡಿದ್ದ. ಅದನ್ನೇ ಈಗ ಕೇಳಿದ್ದ.

“ನನಗೆ ನಿಷ್ಠರಾಗಿ ಇರ್ತೀರಾ?”

ಅದಕ್ಕೆ ಊರ ಹಿರಿಯ ಎಲ್ಲರೆದುರು ಎದೆಯುಬ್ಬಿಸಿ “ನೇ” ಅಂದುಬಿಟ್ಟಿದ್ದ!

ಫ್ರಾಂಕರ ಮಾತಿನಲ್ಲಿ ‘ನೇ’ ಅಂದರೆ ‘ಇಲ್ಲ’.

“ಕಾಲಿಟ್ಟ ದಿನವೇ ಇಲ್ಲ ಅಂತಾನಾ ಈ ಮುದಿಯ!” ಗೋಶೆಯ ಜೊತೆ ಬಂದಿದ್ದ ಹಳೆಯ ಯೋಧ ಗಾರ್ನಿಯೆ ಕತ್ತಿ ಎತ್ತಿಯೇಬಿಟ್ಟ.

ಆಗ ಜನರ ನಡುವಿನಿಂದ ಒಬ್ಬ ಹುಡುಗಿ ನುಗ್ಗಿ ಬಂದಳು. ಕಂಕುಳಲ್ಲಿದ್ದ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಉರುಳಿ ಸೊಪ್ಪೆಲ್ಲ ಚೆಲ್ಲಾಡಿತು. ಮುದುಕನ ಮುಂದೆ ಎರಡೂ ಕೈ ಅಗಲಿಸಿ ನಿಂತು ಫ್ರಾಂಕರ ಮಾತಿನಲ್ಲೇ ಕೂಗಿದಳು.

“ನಿಲ್ಲಿಸಿ! ಅವರು ಹೌದು ಅಂದಿದ್ದು! ನಮ್ಮ ಮಾತಲ್ಲಿ ‘ನೇ’ ಅಂದ್ರೆ ಹೌದು ಕಣ್ರೀ!”

ಕತ್ತಿ ಗಾಳಿಯಲ್ಲೇ ನಿಂತಿತು.

ಗೋಶೆ ಅವಳನ್ನು ನೋಡಿದ. ಅವಳ ಕಣ್ಣು ಕದಲಲಿಲ್ಲ. ಕಪ್ಪು ಕೂದಲು, ತನ್ನ ಊರಿನವರ ಹಾಗೆ ಬೂದು ಕಣ್ಣು... ಯಾರು ಇವಳು?

ಅವನು ಕುದುರೆಯಿಂದ ಇಳಿದ. ಗಾರ್ನಿಯೆಯ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. ಆಮೇಲೆ ಯಾವ ಧಣಿಯೂ ಮಾಡದ ಕೆಲಸ ಮಾಡಿದ. ಬಗ್ಗಿ, ನೆಲದಲ್ಲಿ ಬಿದ್ದ ಸೊಪ್ಪನ್ನು ಬಾಚಿ ಅವಳ ಬುಟ್ಟಿಗೆ ತುಂಬಿದ!

“ನಿನ್ನ ಹೆಸರೇನು?”

“ಫ್ರೋಸೊ.”

“ಫ್ರೋಸೊ, ಆ ಹಿರಿಯರಿಗೆ ಹೇಳು. ನನ್ನ ಅಜ್ಞಾನಕ್ಕೆ ಕ್ಷಮೆ ಇರಲಿ ಅಂತ.”

ಅವಳು ಹೇಳಿದಳು. ಲಿಗೋರಿ ಕತ್ತು ಸವರಿಕೊಳ್ಳುತ್ತಾ, “ಇನ್ಮೇಲೆ ಧಣಿ ಏನು ಕೇಳಿದ್ರೂ ನಾನು ಬರೀ ಕೆಮ್ಮೋದು ಅಂತ ಹೇಳಮ್ಮ” ಅಂದ. ಜನ ಗೊಳ್ಳೆಂದು ನಕ್ಕರು.

ಫ್ರೋಸೊ ಅದನ್ನೂ ಅನುವಾದಿಸಿದಳು. ಹೊಸ ಧಣಿ ನಕ್ಕ. ಆ ನಗು ಅವಳ ಎದೆಯೊಳಗೆ ಎಲ್ಲೋ ಹೋಗಿ ಕೂತುಬಿಟ್ಟಿತು.

‘ಬೇಡ ಫ್ರೋಸೊ... ಸಮುದ್ರದಾಚೆಯವರ ನಗು ಬೇಡ ನಿನಗೆ’ ಅಂದುಕೊಂಡಳು.

ಅವಳಿಗೆ ಗೊತ್ತಿತ್ತು. ಅವಳ ಅಪ್ಪನೂ ಸಮುದ್ರದಾಚೆಯವನೇ.

* * *

ಫ್ರೋಸೊಳ ಅಪ್ಪ ಹಳೆಯ ಧಣಿಯ ಕೋಟೆಯಲ್ಲಿ ಬಿಲ್ಲುಗಾರನಾಗಿದ್ದ ಫ್ರಾಂಕ. ಅಮ್ಮ ಸೆವಾಸ್ತಿ ರೇಷ್ಮೆ ಸಾಕುವ ಗ್ರೀಕ್ ಹೆಂಗಸು. ಅಪ್ಪ ಮಗಳಿಗೆ ತನ್ನ ಮಾತು ಕಲಿಸಿದ, ಶಿಳ್ಳೆ ಹಾಕುವುದು ಕಲಿಸಿದ. ಒಂದು ದಿನ, ಸಮುದ್ರದಾಚೆಯ ತನ್ನೂರಲ್ಲಿ ಪಾಲಿನ ಹೊಲದ ತಕರಾರು ಇದೆ, ಹುಳು ಗೂಡು ಕಟ್ಟೋ ಹೊತ್ತಿಗೆ ಬಂದುಬಿಡ್ತೀನಿ ಅಂತ ಹಡಗು ಹತ್ತಿದ.

ಎಷ್ಟೋ ಸಲ ಹುಳು ಗೂಡು ಕಟ್ಟಿದವು. ಅವನು ಬರಲಿಲ್ಲ.

ಊರಲ್ಲಿ ಅವಳಂಥವರಿಗೆ ‘ಅರೆಬರೆ’ ಅನ್ನುತ್ತಿದ್ದರು. ಫ್ರಾಂಕರಿಗೆ ಅವಳು ಗ್ರೀಕಳು, ಗ್ರೀಕರಿಗೆ ಫ್ರಾಂಕಳು. ಬಾವಿಕಟ್ಟೆಯಲ್ಲಿ ಹೆಂಗಸರು ಅವಳು ಬಂದೊಡನೆ ಮಾತು ನಿಲ್ಲಿಸುತ್ತಿದ್ದರು.

ಈಗ ಅದೇ ಅರೆಬರೆತನ ಕೆಲಸಕ್ಕೆ ಬಂತು. ಗೋಶೆ ಅವಳನ್ನೇ ತನ್ನ ದುಭಾಷಿ ಮಾಡಿಕೊಂಡ. ನೀರಿನ ಜಗಳ, ಗಡಿಯ ಜಗಳ, ಮದುವೆಗೆ ಧಣಿಯ ಅಪ್ಪಣೆ... ಏನೇ ಇದ್ದರೂ ಮರದ ಕೆಳಗೆ ಅವನು ಕೂರುತ್ತಿದ್ದ, ಪಕ್ಕದಲ್ಲಿ ಅವಳು ನಿಲ್ಲುತ್ತಿದ್ದಳು.

ಅವನಿಗೆ ಈ ಸೀಮೆ ಒಗ್ಗಲೇ ಇಲ್ಲ, ಮೊದಮೊದಲು. ಇಲ್ಲಿಯ ವೈನ್ ಕುಡಿದು, “ಇದೇನು, ದೇವದಾರು ಮರ ನೆಕ್ಕಿದ ಹಾಗಿದೆ!” ಅಂತ ಮುಖ ಕಿವುಚಿದ್ದ. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿಯುತ್ತಿತ್ತು. ಚಳಿಗಾಲದಲ್ಲಿ ಕೋಟೆಯ ಗೋಡೆಯ ಮೇಲೆ ನಿಂತು ದೂರದ ಬೆಟ್ಟದ ನೆತ್ತಿಯ ಹಿಮವನ್ನೇ ನೋಡುತ್ತಿದ್ದ.

“ನಮ್ಮನೇಲಿ ಹಿಮ ಬಾಗಿಲ ತನಕ ಬರುತ್ತೆ ಫ್ರೋಸೊ. ಅಣ್ಣ, ನಾನು ಅದನ್ನು ತುಳಿದು ಸೇಬಿನ ತೋಟಕ್ಕೆ ಹೋಗ್ತಿದ್ವಿ.”

ಅವನು ಹಾಗೆ ಅಂದಾಗಲೆಲ್ಲ ಅವಳು ಬೇರೆ ಕಡೆ ತಿರುಗಿಕೊಳ್ಳುತ್ತಿದ್ದಳು. ಅಪ್ಪನೂ ಹೀಗೇ ದೂರ ನೋಡುತ್ತಿದ್ದ...

ಆದರೆ ಗೋಶೆ ಕಲಿಯತೊಡಗಿದ. ಗಾರ್ನಿಯೆ ಮಾತ್ರ ಈ ಊರಿನ ಒಂದು ಮಾತೂ ನಾಲಿಗೆ ಮೇಲೆ ಬರಬಾರದು ಅಂತ ಹಟ ಹಿಡಿದಿದ್ದ. ಗೋಶೆ ಹಾಗಲ್ಲ. ಫ್ರೋಸೊಳ ಹಿಂದೆ ಬಿದ್ದು ಗ್ರೀಕ್ ಕಲಿತ. ಅವನ ಗ್ರೀಕ್ ಕೇಳಿದರೆ ಕತ್ತೆಗೂ ನಗು ಬರಬೇಕು.

“ಫ್ರೋಸೊ, ಇವತ್ತು ನಾನು ಬೇಗ ಎದ್ದಿದೆ. ನಾನು ತುಂಬ ಹಸಿದಿದೆ!”

“ಎದ್ದಿದ್ದೀನಿ ಅನ್ಬೇಕು ಧಣಿ. ಹಸಿದಿದೆ ಅಂತ ಹೇಳೋದಕ್ಕೆ ನೀವೇನು ಕುದುರೇನಾ?”

“ಕುದುರೆ ಒಳ್ಳೇದು. ಕುದುರೆಗೆ ವ್ಯಾಕರಣ ಇಲ್ಲ.”

ಇಲ್ಲ ಅನ್ನಲು ಇಲ್ಲಿಯವರು ಗಲ್ಲ ಎತ್ತಿ ತಲೆ ಹಿಂದಕ್ಕೆ ಮಾಡುತ್ತಾರೆ. ಹೌದು ಅನ್ನಲು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೆಳಗೆ ತರುತ್ತಾರೆ. ಅದನ್ನೂ ಅವಳೇ ಹೇಳಿಕೊಟ್ಟಳು. ಕಲಿತದ್ದು ಎಷ್ಟು ಮೈಗೂಡಿತೆಂದರೆ, ಒಂದು ಸಂಜೆ ಫ್ರಾಂಕ್ ಕಾವಲುಗಾರ, “ಬಾಗಿಲು ಹಾಕಲಾ ಧಣಿ?” ಅಂದಾಗ ಗೋಶೆ ಯಾವುದೋ ಯೋಚನೆಯಲ್ಲಿ “ನೇ” ಅಂದುಬಿಟ್ಟ. ಕಾವಲುಗಾರ ಬೇಡ ಅಂದರು ಅಂದುಕೊಂಡು ಬಾಗಿಲು ತೆರೆದೇ ಬಿಟ್ಟ. ಬೆಳಗಾಗುವಷ್ಟರಲ್ಲಿ ಊರ ಆಡುಗಳೆಲ್ಲ ಕೋಟೆಯ ಪ್ರಾರ್ಥನಾಮಂದಿರದೊಳಗೆ!

“ಪಾದ್ರಿಗಿಂತ ಆಡಿನ ಧ್ವನಿಯೇ ವಾಸಿ” ಅಂತ ಲಿಗೋರಿ ಊರೆಲ್ಲ ಹೇಳಿಕೊಂಡು ಬಂದ.

ಫ್ರೋಸೊ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಗೋಶೆ ನಗದೆ ಅವಳನ್ನೇ ನೋಡುತ್ತಿದ್ದ. ಅವಳು ನಗು ನಿಲ್ಲಿಸಿದಳು. ಆ ದಿನದಿಂದ ಅವಳು ಕೋಟೆಯ ಮೆಟ್ಟಿಲು ಹತ್ತುವಾಗ ಎದೆ ಬಡಿತ ಮೆಟ್ಟಿಲಿನದಲ್ಲ ಅಂತ ಅವಳಿಗೇ ಗೊತ್ತಾಗುತ್ತಿತ್ತು.

* * *

ಅವನು ಬಂದ ಮೇಲಿನ ಎರಡನೇ ವಸಂತದಲ್ಲಿ ಬಂದರಿನಿಂದ ಸುದ್ದಿ ಬಂತು. ಗೋಶೆಯ ಅಣ್ಣ ತೀರಿಕೊಂಡಿದ್ದಾನೆ. ಅವನಿಗೂ ಗಂಡುಮಕ್ಕಳಿಲ್ಲ. ಶಾಂಪೇನಿನ ಮನೆ, ಸೇಬಿನ ತೋಟ, ಹುಟ್ಟಿದ ಊರು ಎಲ್ಲ ಈಗ ಗೋಶೆಯದು. ಅವನು ಹೋಗದಿದ್ದರೆ ಅಕ್ಕನ ಗಂಡನ ಪಾಲು.

ಎರಡೂ ಕಡೆ ಧಣಿಯಾಗಿರಲು ಆಗದು. ಮೊರಿಯಾವನ್ನು ಆಳುವ ರಾಜಕುಮಾರರ ಕಟ್ಟಳೆ ಖಂಡಿತವಾಗಿತ್ತು: ಇಲ್ಲಿಯ ಕೋಟೆ ಬೇಕಾದವನು ಇಲ್ಲಿಯೇ ಬದುಕಬೇಕು. ಹೋಗುವವನು ಬೇರೆ ಫ್ರಾಂಕನಿಗೆ ಬಿಟ್ಟುಕೊಟ್ಟು ಹೋಗಬೇಕು.

ಬಿಟ್ಟರೆ ತಗೊಳ್ಳಲು ಪಕ್ಕದ ಕಣಿವೆಯ ಫ್ರಾಂಕ್ ಧಣಿ ರೆನೋ ಬಾಯಿ ತೆರೆದು ಕೂತಿದ್ದ. ಅವನ ಊರುಗಳಲ್ಲಿ ಯಾವ ಹುಡುಗಿ ಯಾವ ಸಿಪಾಯಿಯ ಮನೆ ಸೇರಬೇಕು ಅನ್ನುವುದನ್ನು ಅವನೇ ಊಟದ ಮೇಜಿನ ಮುಂದೆ ನಿರ್ಧರಿಸುತ್ತಿದ್ದ.

ಊರಿಗೆ ಊರೇ ಸಪ್ಪಗಾಯಿತು.

ಆ ದಿನ ಫ್ರೋಸೊ ಕೋಟೆಯಲ್ಲಿದ್ದಳು. ಕೋಟೆಗೆ ಸಲ್ಲಬೇಕಾದ ರೇಷ್ಮೆ ಹುರಿಗಳನ್ನು ಹೊತ್ತು ಅಮ್ಮನೂ ಬಂದಿದ್ದಳು. ಅಮ್ಮ ಹಜಾರದ ಹೊಸ್ತಿಲ ಬಳಿ ಕೂತು ಕಾಯುತ್ತಿದ್ದಳು. ಫ್ರೋಸೊ ವೈನ್ ಹೂಜಿ ಹಿಡಿದು ಒಳಗಿನ ಓಣಿಯಲ್ಲಿ ಬರುತ್ತಿದ್ದಾಗ ಪರದೆಯಾಚೆಯ ಹಜಾರದಿಂದ ತನ್ನ ಹೆಸರು ಕೇಳಿಸಿತು.

ಗಾರ್ನಿಯೆಯ ಗಡಸು ಧ್ವನಿ. “ಬಾಯಿ ಬಿಟ್ಟು ಹೇಳು ಗೋಶೆ. ಊರಿಗೆ ಹೊರಡೋಕೆ ಯಾಕೆ ಮೀನಮೇಷ? ಆ ಫ್ರೋಸೊ... ಆ ಅರೆಬರೆ ಹುಡುಗೀನ ಮದುವೆಯಾಗೋ ಯೋಚನೆ ಇದೆಯಾ ನಿನಗೆ?”

ಅವಳು ಅಲ್ಲೇ ನಿಂತುಬಿಟ್ಟಳು.

ಗೋಶೆಯ ಧ್ವನಿ, ಮೆಲ್ಲಗೆ, ಆದರೆ ಸ್ಪಷ್ಟವಾಗಿ.

“ನೇ.”

ಇಲ್ಲ!

ಹೂಜಿ ಜಾರಿಬೀಳದಂತೆ ಎದೆಗೊತ್ತಿ ಹಿಡಿದಳು. ಆಚೆ ಗಾರ್ನಿಯೆ ನಿರಾಳವಾಗಿ ನಕ್ಕು ಅವನ ಬೆನ್ನು ತಟ್ಟಿದ ಸದ್ದು. “ಗೊತ್ತಿತ್ತು ಬಿಡು ನಿನ್ನ ಮನಸ್ಸು! ನಿಮ್ಮಪ್ಪನ ರಕ್ತ ಅಲ್ವೇ!”

ಫ್ರೋಸೊ ಹೂಜಿಯನ್ನು ನೆಲದ ಮೇಲಿಟ್ಟಳು. ಹಿಂಬಾಗಿಲಿನಿಂದ ಇಳಿದು ಹೋದಳು. ಅಳು ಬರಲಿಲ್ಲ.

‘ನಿನಗೇನು ಹಕ್ಕಿದೆ ಅಳೋಕೆ? ಅವನು ಯಾವತ್ತಾದ್ರೂ ನಿನಗೆ ಮಾತು ಕೊಟ್ಟಿದ್ನಾ? ಸೊಪ್ಪು ಆರಿಸಿಕೊಟ್ಟ. ಅಷ್ಟೇ.’

* * *

ಸಂಜೆ ಅವಳು ಹಿಪ್ಪುನೇರಳೆ ಮರಗಳ ನಡುವೆ ಸೊಪ್ಪು ಕೀಳುತ್ತಿದ್ದಳು. ಗೋಶೆ ಬಂದ. ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ. ಮುಖದಲ್ಲಿ ಎಂದೂ ಕಾಣದ ಹೊಳಪು. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು. ಊರಿಗೆ ಹೋಗುವ ಖುಷಿ!

ಅವನು ಗ್ರೀಕಿನಲ್ಲಿ ಶುರುಮಾಡಿದ. ಮನಸ್ಸಿನ ಮಾತಿಗೆ ಅವನು ಅವಳ ಭಾಷೆಯನ್ನೇ ಆರಿಸಿಕೊಳ್ಳುತ್ತಿದ್ದ.

“ಫ್ರೋಸೊ, ಇವತ್ತು ಹಜಾರದಲ್ಲಿ ಗಾರ್ನಿಯೆ ನನ್ನ ಒಂದು ಕೇಳಿದೆ.”

“ಗೊತ್ತು ಧಣಿ. ನಾನು ಓಣಿಯಲ್ಲೇ ಇದ್ದೆ.”

“ನೀನು ಕೇಳಿಸಿತು? ನನ್ನ ಉತ್ತರ ಕೂಡ?”

“ನಿಮ್ಮ ಉತ್ತರಾನೂ ಕೇಳಿಸ್ತು.”

ಅವನ ಮುಖ ಕೆಂಪಾಯಿತು. ಕೈಯಲ್ಲಿದ್ದ ಟೊಪ್ಪಿಯನ್ನು ಹಿಂಡತೊಡಗಿದ. “ಹಾಗಾದರೆ... ಅದಕ್ಕೆ ನೀನು ಏನು ಹೇಳುತ್ತದೆ?”

ಅವಳು ದಿಗ್ಭ್ರಮೆಯಿಂದ ನೋಡಿದಳು. ಎಂಥ ಕಲ್ಲು ಮನಸ್ಸು! ನನ್ನನ್ನು ಬೇಡ ಅಂದು, ನನ್ನ ಬಾಯಿಂದಲೇ ಸರಿ ಅನ್ನಿಸಿಕೊಳ್ಳಲು ಬಂದಿದ್ದಾನಾ?

ಬಾಯಿ ತೆರೆದರೆ ಅಳು ಬರುತ್ತದೆ ಅಂತ ಗೊತ್ತಿತ್ತು. ಅವಳು ಗಲ್ಲ ಎತ್ತಿ ತಲೆಯನ್ನು ಹಿಂದಕ್ಕೆ ಮಾಡಿದಳು. ನಿಧಾನವಾಗಿ, ಅವನ ಕಣ್ಣಲ್ಲಿ ಕಣ್ಣಿಟ್ಟು.

ಏನೂ ಇಲ್ಲ. ಹೇಳೋಕೆ ನನ್ನ ಹತ್ರ ಏನೂ ಇಲ್ಲ.

ಆ ಪಾಠ ಅವಳೇ ಕಲಿಸಿದ್ದು. ಅವನಿಗೆ ಅರ್ಥವಾಯಿತು. ಮುಖದ ಹೊಳಪು ದೀಪ ಆರಿದ ಹಾಗೆ ಆರಿಹೋಯಿತು. ಅದು ಯಾಕೆ ಆರಿತು ಅಂತ ಯೋಚಿಸುವಷ್ಟು ತಾಳ್ಮೆ ಅವಳಿಗಿರಲಿಲ್ಲ.

“ಹೋಗಿ ಧಣಿ” ಅಂದಳು, ಬೆನ್ನು ತಿರುಗಿಸಿ. “ನಿಮ್ಮ ಊರಿಗೆ ಹೋಗಿ. ಹಿಮ ಕಾಯ್ತಿರುತ್ತೆ.”

ಅವನ ಹೆಜ್ಜೆ ಸದ್ದು ದೂರವಾಯಿತು. ಅವಳು ಕೊಂಬೆಯನ್ನು ಜೋರಾಗಿ ಎಳೆದಳು. ಎಲೆಯ ಜೊತೆ ತೊಗಟೆಯೂ ಕಿತ್ತುಬಂತು.

ಮಾರನೆಯ ದಿನವೇ ಡಂಗುರ ಸಾರಿದರು. ಬರುವ ಭಾನುವಾರ ಪೂಜೆ ಮುಗಿದ ಮೇಲೆ, ದೊಡ್ಡ ಮರದ ಕೆಳಗೆ, ಗೋಶೆ ಧಣಿ ಈ ಕಣಿವೆಯನ್ನು ರೆನೋಗೆ ಬಿಟ್ಟುಕೊಡುತ್ತಾರೆ.

* * *

ಭಾನುವಾರ ಬೆಳಿಗ್ಗೆ ಫ್ರೋಸೊ, ಅಮ್ಮ ಹುಳುಮನೆಯಲ್ಲಿದ್ದರು. ಹುಳು ಜ್ವರಕ್ಕೆ ಕೂತಿದ್ದವು. ಮೇಯದೆ, ತಲೆಯೆತ್ತಿ, ಪೊರೆ ಬಿಡಲು ಅಲುಗಾಡದೆ ಕೂತಿದ್ದವು. ಆ ಹೊತ್ತಿನಲ್ಲಿ ಸದ್ದಾಗಬಾರದು ಅಂತ ಪಿಸುಮಾತಿನಲ್ಲೇ ಮಾತು.

“ಈ ಗಂಡಸರ ಜಾತೀನೇ ನಂಗೆ ಅರ್ಥ ಆಗಲ್ಲ ಕಣೇ” ಅಂದಳು ಸೆವಾಸ್ತಿ. “ಇವನು ಹಾಗಲ್ಲ ಅಂದ್ಕೊಂಡಿದ್ದೆ. ಇವನೂ ನಿಮ್ಮಪ್ಪನ ಥರಾನೇ.”

“ಬಿಡಮ್ಮ.”

“ಬಿಡೋದೇನು? ಮೊನ್ನೆ ಹಜಾರದಲ್ಲಿ ಬಾಯ್ತುಂಬ ಹೌದು ಅಂದೋನು, ಇವತ್ತು ಗಂಟುಮೂಟೆ ಕಟ್ತಾನೆ ಅಂದ್ರೆ!”

“ಯಾವ ಹೌದು?”

“ಅದೇನೋ, ಆ ಗಡ್ಡದ ಗಾರ್ನಿಯೆ ಕಾಯಿ ಹಿಪ್ಪುನೇರಳೆ ಕಚ್ಚಿದೋನ ಥರ ಮುಖ ಮಾಡ್ಕೊಂಡು ಏನೋ ಕೇಳ್ದ. ಮಧ್ಯದಲ್ಲಿ ‘ಫ್ರೋಸೊ’ ಅಂದ. ನಂಗೆ ಅವರ ಮಾತಲ್ಲಿ ನಿನ್ನ ಹೆಸರೊಂದು ಬಿಟ್ಟು ಏನು ಗೊತ್ತಾಗುತ್ತೆ? ಅದಕ್ಕೆ ಹುಡುಗ ‘ನೇ’ ಅಂದ. ಏನೋ ನಿನ್ನ ವಿಷಯ ಕೇಳ್ದ, ಇವನು ಒಪ್ಕೊಂಡ ಅಂತ ನಂಗೆ ಒಳಗೊಳಗೇ ಖುಷಿ.”

“ಅಮ್ಮಾ...” ಫ್ರೋಸೊಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಅದು ಫ್ರಾಂಕರ ‘ನೇ’ ಅಮ್ಮ. ಇಲ್ಲ ಅಂತ.”

“ಇಲ್ಲ ಅನ್ನೋರು ಹಿಂಗೆ ಮಾಡ್ತಾರಾ?”

ಸೆವಾಸ್ತಿ ಕಣ್ಣು ಅರ್ಧ ಮುಚ್ಚಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮೆಲ್ಲಗೆ ಕೆಳಗೆ ತಂದಳು. ಈ ಕಣಿವೆಯ ಜನ ಹೌದು ಅನ್ನುವಾಗ ಮಾಡುವ ಹಾಗೆ. ಫ್ರೋಸೊ ಅವನಿಗೆ ಕಲಿಸಿಕೊಟ್ಟ ಹಾಗೆ.

“ನಂ ಲಿಗೋರಿ ಮಾಡ್ದಂಗೇ ಮಾಡ್ದ ಕಣೇ. ನಾನು ಹೊಸ್ತಿಲಲ್ಲೇ ಕೂತಿದ್ನಲ್ಲ!”

ಫ್ರೋಸೊಳ ಕೈಯಿಂದ ಸೊಪ್ಪಿನ ತಟ್ಟೆ ಜಾರಿತು. ಅಮ್ಮ ಬಾಯಿಗೆ ಬೆರಳಿಟ್ಟು “ಶ್! ಹುಳು!” ಅಂದಳು.

ಪರದೆಯ ಹಿಂದೆ ಅವಳಿಗೆ ಅವನ ತಲೆ ಕಂಡಿರಲಿಲ್ಲ... ಮಾತು ಮಾತ್ರ ಕೇಳಿತ್ತು.

ಒಂದೇ ಭಾಷೆ ಬಲ್ಲ ಅಮ್ಮನಿಗೆ ಆ ಮಾತಿಗೆ ಒಂದೇ ಅರ್ಥ. ಎರಡು ಬಲ್ಲ ಮಗಳಿಗೆ ಎರಡು ಅರ್ಥ. ಆ ಎರಡರಲ್ಲಿ ತಾನು ಆರಿಸಿಕೊಂಡದ್ದು ಯಾವುದು? ಅಪ್ಪ ಹೋದ ದಿನದಿಂದ ತಾನು ಕಾಯುತ್ತಲೇ ಇದ್ದದ್ದನ್ನು. ಬೇಡ ಅನ್ನಿಸಿಕೊಳ್ಳುವುದನ್ನು!

ಬಾಗಿಲು... ಆಡುಗಳು... ಅವನ ನಾಲಿಗೆಗೆ ಆ ಮಾತು ತಾನಾಗಿ ಬರುತ್ತದೆ ಅಂತ ಗೊತ್ತಿದ್ದೂ ನಾನು...

ಆದರೆ ಅಮ್ಮನಿಗೆ ಭ್ರಮೆಯಾಗಿದ್ದರೆ? ಮಗಳ ಮೇಲಿನ ಆಸೆಯೇ ಹಾಗೆ ಕಂಡಿದ್ದರೆ?

ದೂರದಲ್ಲಿ ಗಂಟೆ ಬಾರಿಸಿತು. ಪೂಜೆ ಮುಗಿದಿತ್ತು.

* * *

ಮರದ ಕೆಳಗೆ ಜನ ಸೇರಿದ್ದರು. ಈ ಸಲ ಯಾರೂ ನಗುತ್ತಿರಲಿಲ್ಲ.

ರಾಜಕುಮಾರರ ಕಡೆಯ ಅಧಿಕಾರಿ ನಡುವೆ ನಿಂತಿದ್ದ. ಒಂದು ಪಕ್ಕ ರೆನೋ, ಬೆರಳಿನ ಉಂಗುರ ತಿರುಗಿಸುತ್ತಾ, ಹುಡುಗಿಯರ ಕಡೆ ಕಣ್ಣಾಡಿಸುತ್ತಾ. ಇನ್ನೊಂದು ಪಕ್ಕ ಗೋಶೆ. ಅವನ ಬಲಗೈಯಲ್ಲಿ ಈ ಕಣಿವೆಯ ಒಂದು ಹೆಂಟೆ ಮಣ್ಣು. ಆ ಹೆಂಟೆ ಗೋಶೆಯ ಕೈಯಿಂದ ರೆನೋ ಕೈಗೆ ಹೋಯಿತೆಂದರೆ ಮುಗಿಯಿತು. ಆಮೇಲೆ ರಾಜಕುಮಾರರೂ ಅದನ್ನು ವಾಪಸ್ಸು ಕೊಡಿಸಲಾರರು.

ಗಾರ್ನಿಯೆ ಆಗಲೇ ಹೇಸರಗತ್ತೆಗಳ ಮೇಲೆ ಪೆಟ್ಟಿಗೆ ಕಟ್ಟಿಸಿ ನಿಲ್ಲಿಸಿದ್ದ.

ಫ್ರೋಸೊ ತನ್ನ ಜಾಗಕ್ಕೆ ಹೋಗಿ ನಿಂತಳು. ಗೋಶೆ ಅವಳ ಕಡೆ ತಿರುಗಲಿಲ್ಲ. ಅವನ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಬಿಗಿಯಾಗಿ ಹಿಡಿದ ಹೆಂಟೆಯಿಂದ ಮಣ್ಣಿನ ಪುಡಿ ಉದುರುತ್ತಿತ್ತು.

ಊರಿಗೆ ಹೋಗುವ ಖುಷಿಯಲ್ಲಿರುವವನ ಮುಖವೇ ಇದು?

ಅಧಿಕಾರಿ ಗಂಟಲು ಸರಿಮಾಡಿಕೊಂಡ. “ಗೋಶೆಯವರೇ, ಈ ಕೋಟೆ, ಈ ಕಣಿವೆ, ಇಲ್ಲಿನ ಜನ, ಇವನ್ನೆಲ್ಲ ನಿಮ್ಮ ಸ್ವಂತ ಇಚ್ಛೆಯಿಂದ ರೆನೋ ಅವರಿಗೆ ಬಿಟ್ಟುಕೊಡ್ತಿದ್ದೀರಾ? ದುಭಾಷಿ, ಇದನ್ನು ಜನಕ್ಕೆ ಹೇಳು. ಆಮೇಲೆ ಅವರು ಉತ್ತರ ಕೊಡಲಿ.”

ಎಲ್ಲರೂ ಅವಳತ್ತ ನೋಡಿದರು.

ಕೇಳಿದರೆ ಮಾನ ಹೋಗುತ್ತದೆ. ಕೇಳದಿದ್ದರೆ ಅವನು ಹೋಗುತ್ತಾನೆ.

ಅವಳು ಗ್ರೀಕಿನಲ್ಲಿ ಶುರುಮಾಡಿದಳು. ಆದರೆ ಜನರ ಕಡೆಗಲ್ಲ, ಅವನ ಕಡೆಗೆ ತಿರುಗಿ.

“ಧಣಿ, ಆವತ್ತು ಹಜಾರದಲ್ಲಿ ನೀವು ‘ನೇ’ ಅಂದ್ರಲ್ಲ... ಅದು ಯಾರ ‘ನೇ’? ನಿಮ್ಮದಾ, ನಮ್ಮದಾ?”

ಜನರ ನಡುವೆ ಗುಜುಗುಜು ಎದ್ದಿತು. ಗೋಶೆ ಮೊದಲ ಸಲ ತಲೆಯೆತ್ತಿದ.

“ಏನು?”

“ಗಾರ್ನಿಯೆ ನಿಮ್ಮನ್ನ ಕೇಳಿದ್ರು, ನನ್ನ ಮದುವೆ ಆಗ್ತೀರಾ ಅಂತ. ನೀವು ‘ನೇ’ ಅಂದ್ರಿ. ನಾನು ಅದನ್ನ ಇಲ್ಲ ಅಂತ ಕೇಳಿಸ್ಕೊಂಡೆ.” ಅವಳ ಧ್ವನಿ ಒಡೆಯಿತು. “ಕಣಿವೆಗೋಸ್ಕರ ಕೇಳ್ತಿಲ್ಲ ನಾನು. ಹೋಗೋದಿದ್ರೆ ಹೋಗಿ. ಆದ್ರೆ ಗೊತ್ತಿಲ್ದೆ ನಾನು ಬದುಕೋಕೆ ಆಗಲ್ಲ.”

ಮುದುಕ ಲಿಗೋರಿ ಕೋಲು ಕುಟ್ಟಿದ. “ಹೇಳಪ್ಪಾ ಧಣಿ! ಆ ಒಂದು ಮಾತಿಗೆ ನನ್ನ ಕುತ್ತಿಗೇನೇ ಹೋಗ್ತಿತ್ತು. ಈ ಹುಡುಗಿ ಜೀವ ಯಾಕೆ ಹೋಗ್ಬೇಕು?”

“ಏ ಸುಮ್ನಿರೋ ಮುದುಕಾ, ಅವರು ಮಾತಾಡ್ಲಿ!” ಅಂತ ಯಾರೋ ಗದರಿದರು.

“ಏನಿದು?” ಅಧಿಕಾರಿ ಹುಬ್ಬು ಗಂಟಿಕ್ಕಿದ. “ಒಂದು ಸಾಲು ಹೇಳೋಕೆ ಇಷ್ಟು ಹೊತ್ತಾ?”

“ಗ್ರೀಕ್ ಸ್ವಲ್ಪ ಉದ್ದ, ಸ್ವಾಮಿ” ಅಂದ ಗೋಶೆ, ಅವಳ ಮೇಲಿಂದ ಕಣ್ಣು ತೆಗೆಯದೆ.

ಅವನ ಮುಖದ ಮೇಲೆ ಒಂದೊಂದಾಗಿ ಎಲ್ಲ ಬಂದುಹೋದವು. ಆ ಸಂಜೆ... ಅವಳು ಎತ್ತಿದ ಗಲ್ಲ... ಗಾರ್ನಿಯೆಯ ನಗು...

“ಗಾರ್ನಿಯೆ ನಕ್ಕು ಬೆನ್ನು ತಟ್ಟಿತು” ಅಂದ, ಅವಳ ಭಾಷೆಯಲ್ಲಿ, ತೊದಲುತ್ತಾ. “ನಾನು ಅದು ಆಶೀರ್ವಾದ ಅಂದುಕೊಂಡಿದೆ! ಓಡಿ ಬಂದಿದೆ ನಿನ್ನ ಹತ್ತಿರ. ನೀನು ತಲೆ ಮೇಲೆ ಮಾಡಿತು. ನೀನು ನನ್ನ ಬೇಡ ಅಂದಿತು ಅಂತ... ಫ್ರೋಸೊ, ನೀನು ಬೇಡ ಅಂದ ಮೇಲೆ ಇಲ್ಲಿ ಹೇಗೆ ಇರುತ್ತದೆ ನಾನು? ಈ ಮರ, ಈ ದಾರಿ, ಎಲ್ಲಾ ಕಡೆ ನೀನು ಇದೆ.”

ಅವಳಿಗೆ ಕಣ್ಣೆಲ್ಲ ಮಂಜಾಯಿತು. ತಪ್ಪು ತಪ್ಪು ಗ್ರೀಕ್. ಅಷ್ಟು ಸರಿಯಾದ ಮಾತನ್ನು ಅವಳು ಜೀವಮಾನದಲ್ಲೇ ಕೇಳಿರಲಿಲ್ಲ.

ಆದರೂ ಭಯ ಹೋಗಲಿಲ್ಲ. “ಅಲ್ಲಿ ನಿಮ್ಮ ಸೇಬಿನ ತೋಟ ಇದೆ. ನಿಮ್ಮಣ್ಣನ ಸಮಾಧಿ ಇದೆ. ನಾನು ಅರೆಬರೆ. ನನ್ನ ಕಟ್ಕೊಂಡ್ರೆ ನಿಮ್ಮವರು ನಗ್ತಾರೆ. ಒಂದು ದಿನ ನೀವೂ ಗೋಡೆ ಮೇಲೆ ನಿಂತು ಹಿಮ ನೋಡ್ತೀರಿ... ಆಗ?”

ಗೋಶೆ ಉತ್ತರ ದಿಕ್ಕಿನ ಕಡೆ, ಬೆಟ್ಟದ ನೆತ್ತಿಯ ಕಡೆ ಒಮ್ಮೆ ನೋಡಿದ. ಅವನು ಏನನ್ನು ಕಳೆದುಕೊಳ್ಳುತ್ತಿದ್ದಾನೆ ಅನ್ನುವುದು ಆ ನೋಟದಲ್ಲಿ ಎಲ್ಲರಿಗೂ ಕಂಡಿತು.

“ನೋಡುತ್ತದೆ” ಅಂದ, ಪ್ರಾಮಾಣಿಕವಾಗಿ. “ಅಣ್ಣ ನೆನಪು ಬರುತ್ತದೆ. ಅಳುತ್ತದೆ ಕೂಡ. ಆಗ ನೀನು ಪಕ್ಕದಲ್ಲಿ ನಿಂತುಕೊ.”

ಅಧಿಕಾರಿಯ ತಾಳ್ಮೆ ಮುಗಿದಿತ್ತು. “ಗೋಶೆಯವರೇ! ಕೊನೇ ಸಲ ಕೇಳ್ತಿದ್ದೀನಿ. ಈ ನೆಲವನ್ನು ಬಿಟ್ಟುಕೊಡ್ತೀರಾ?”

ಅದೇ ಕ್ಷಣದಲ್ಲಿ, ಗ್ರೀಕಿನಲ್ಲಿ, ಫ್ರೋಸೊ ಕೇಳಿದಳು. “ಹಾಗಾದ್ರೆ... ನನ್ನ ಮದುವೆ ಆಗ್ತೀರಾ?”

ರೆನೋ ಹೆಂಟೆಗಾಗಿ ಕೈ ಚಾಚಿದ್ದ. ಗಾರ್ನಿಯೆ ಹೇಸರಗತ್ತೆಯ ಹಗ್ಗ ಹಿಡಿದು ನಿಂತಿದ್ದ. ಊರು ಉಸಿರು ಬಿಗಿಹಿಡಿದಿತ್ತು.

ಗೋಶೆ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮೆಲ್ಲಗೆ ಕೆಳಗೆ ತಂದ. ಆಮೇಲೆ ಕಣಿವೆಯ ಆಚೆ ತುದಿಗೂ ಕೇಳುವ ಹಾಗೆ ಕೂಗಿದ.

“ನೇ!”

ಜನ ಹೋ ಎಂದು ಚೀರಿದರು. ಲಿಗೋರಿ ಕೋಲು ಎಸೆದೇಬಿಟ್ಟ. ಜನರ ಹಿಂದೆ ಸೆವಾಸ್ತಿ ಸೆರಗಿನಂತೆ ಹೊದ್ದ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡಳು.

“ಇಲ್ಲವಂತೆ” ಅಂದ ಅಧಿಕಾರಿ, ಗೊಂದಲದಿಂದ ಸುತ್ತ ನೋಡುತ್ತಾ. “ಬಿಟ್ಟುಕೊಡಲ್ಲ ಅಂದರಲ್ಲ... ಇವರೆಲ್ಲ ಯಾಕೆ ಹೀಗೆ ಕುಣೀತಿದ್ದಾರೆ?”

ಅಷ್ಟಿಷ್ಟು ಗ್ರೀಕ್ ತಿಳಿಯುತ್ತಿದ್ದ ರೆನೋ ಚಾಚಿದ ಕೈ ಹಿಂದಕ್ಕೆ ತಗೊಂಡ. ಅವನ ಮುಖ ಕಪ್ಪಿಟ್ಟಿತ್ತು. “ಈ ಮದುವೆಗೆ ರಾಜಕುಮಾರರ ಒಪ್ಪಿಗೆ ಹೇಗೆ ಸಿಗುತ್ತೋ ನೋಡ್ತೀನಿ” ಅಂತ ಹಲ್ಲು ಕಡಿದು ಕುದುರೆ ಹತ್ತಿದ. ಧಣಿಗಳ ಮದುವೆಗೂ ರಾಜಕುಮಾರರ ಅಪ್ಪಣೆ ಬೇಕಿತ್ತು; ಅದು ಬರೀ ಮಾತಲ್ಲ ಅಂತ ಫ್ರೋಸೊಗೂ ಗೊತ್ತಿತ್ತು, ಗೋಶೆಗೂ ಗೊತ್ತಿತ್ತು.

ಗಾರ್ನಿಯೆ ನಿಧಾನವಾಗಿ ಹತ್ತಿರ ಬಂದ. ಮುಖದಲ್ಲಿ ಸಿಟ್ಟು, ಕಣ್ಣಲ್ಲಿ ನೀರು.

“ಆವತ್ತು ನನಗೆ ನೀನು ಹೇಳಿದ್ದು...”

“ಹೌದು ಅಂತ, ಗಾರ್ನಿಯೆ.”

“ಇವತ್ತು ಹೇಳಿದ್ದು? ಯಾವ ಭಾಷೇಲಿ ಮಾರಾಯ?”

“ಎರಡರಲ್ಲೂ.”

ಮುದಿ ಯೋಧ ಕಣ್ಣೊರೆಸಿಕೊಂಡ. “ನಿಮ್ಮಣ್ಣನ ಸಮಾಧಿ ಮೇಲೆ ಮೇಣದ ಬತ್ತಿ ಹಚ್ಚೋಕೆ ಒಬ್ಬನಾದ್ರೂ ಹೋಗ್ಬೇಕಲ್ಲ” ಅಂದ ಕೊನೆಗೆ. “ಹಡಗು ಹೇಗೂ ಕಾಯ್ತಿದೆ.” ಗೋಶೆಯನ್ನು ಒಮ್ಮೆ ಬಿಗಿಯಾಗಿ ತಬ್ಬಿಕೊಂಡ. ಆಮೇಲೆ ಫ್ರೋಸೊಳ ಕಡೆ ತಿರುಗಿ, ಎರಡು ವರ್ಷದಲ್ಲಿ ಮೊದಲ ಸಲ ಗ್ರೀಕಿನಲ್ಲಿ ಒಂದು ಮಾತು ಅಂದ.

“ನೇ.”

ಅವಳು ಬಗ್ಗಿ ಅವನ ಕೈಗೆ ಮುತ್ತಿಟ್ಟಳು.

ಹೇಸರಗತ್ತೆಗಳು ಧೂಳೆಬ್ಬಿಸುತ್ತಾ ಇಳಿದು ಹೋದವು. ಗೋಶೆ ದಾರಿ ತಿರುಗುವವರೆಗೂ ನೋಡುತ್ತಿದ್ದ. ಅವನ ಬಾಲ್ಯವೆಲ್ಲ ಆ ಪೆಟ್ಟಿಗೆಗಳ ಜೊತೆ ಹೋಗುತ್ತಿತ್ತು. ಫ್ರೋಸೊ ಪಕ್ಕದಲ್ಲಿ ನಿಂತುಕೊಂಡಳು. ಅವನು ಕೇಳಿದ್ದು ಅದನ್ನೇ ತಾನೆ?

ಧೂಳು ಇಳಿದ ಮೇಲೆ ಅವನು ತನ್ನ ಬಲಗೈ ನೋಡಿಕೊಂಡ. ಹೆಂಟೆ ಇನ್ನೂ ಅಲ್ಲೇ ಇತ್ತು, ಬೆವರಿಗೆ ಮೆತ್ತಗಾಗಿ. ಅವಳ ಅಂಗೈ ಬಿಡಿಸಿ, ಅದರೊಳಗೆ ಇಟ್ಟ. ಬೆರಳುಗಳನ್ನು ಮುಚ್ಚಿ ಮೇಲೆ ತನ್ನ ಕೈ ಇಟ್ಟ.

“ಇನ್ನು ಧಣಿ ಅನ್ನಬೇಡ ನನ್ನ.”

“ಮತ್ತೆ ಏನನ್ನಲಿ?”

“ಗೋಶೆ.”

ಅವಳು ತಲೆತಗ್ಗಿಸಿದಳು. “ಗೋಶೆ...”

“ಫ್ರೋಸೊ, ನನ್ನ ಜೊತೆ ಇರುತ್ತದೆಯಾ? ಯಾವಾಗಲೂ?”

“ಇರ್ತೀಯಾ ಅನ್ಬೇಕು.”

“ಇರ್ತೀಯಾ?”

ಅವಳು ‘ನೇ’ ಅನ್ನಲು ಬಾಯಿ ತೆರೆದು, ತಡೆದಳು. ಇನ್ನು ಆ ಮಾತನ್ನು ನಂಬಲಾರಳು. ಅವನ ಊರಿನ, ಅವಳ ಅಪ್ಪನ ಊರಿನ, ಒಂದೇ ಅರ್ಥದ ಆ ‘ಹೌದು’ ಅನ್ನು ಹುಡುಕಿ ತೆಗೆದಳು. ಅಪ್ಪ ಹೋದ ಮೇಲೆ ಅದನ್ನು ಅವಳು ಯಾರಿಗೂ ಅಂದಿರಲಿಲ್ಲ.

“ಓಯಿಲ್” ಅಂದಳು. “ಓಯಿಲ್, ಗೋಶೆ.”